ಬಿಳಿ ಬಣ್ಣ ಬಳಿದ ಸಿಲಿಂಡರಿನ ಬಗ್ಗೆ, ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ

ಮಾನ್ಯರೇ,

ಬರುವ ವರ್ಷದ ಯೋಜನೆಯಲ್ಲಿ ನೀವು ನಮ್ಮ ಲಂತೋಬಾ ದ್ವೀಪದ ಉಪ ಆರೋಗ್ಯ ಕೇಂದ್ರವನ್ನು ‘ಸೌಲಭ್ಯ ಸಾಕಷ್ಟಿದೆ’ ಎಂಬ ಪಟ್ಟಿಗೆ ಸೇರಿಸಿದ್ದೀರಿ. ಆ ಪಟ್ಟಿಯಲ್ಲಿರುವ ಕೇಂದ್ರಗಳಿಗೆ ಹೊಸ ಅನುದಾನವಿಲ್ಲ, ಆಮ್ಲಜನಕವಿಲ್ಲ, ಎರಡನೆಯ ನರ್ಸ್ ಇಲ್ಲ. ನವೆಂಬರ್ ಇಪ್ಪತ್ತರಂದು ಯೋಜನೆಗೆ ಸಹಿ ಬೀಳುತ್ತದೆ. ಡಿಸೆಂಬರಿನಲ್ಲಿ ಪಡುವಣ ಗಾಳಿ ಎದ್ದರೆ ಫೆಬ್ರವರಿ ಮುಗಿಯುವವರೆಗೆ ನಮ್ಮ ದೋಣಿಗಳು ನಿಮ್ಮ ಊರಿನ ಬಂದರಿಗೆ ಬರಲಾರವು. ಆ ಮೂರು ತಿಂಗಳು ಯಾರಿಗಾದರೂ ಉಸಿರು ಕಟ್ಟಿದರೆ ನಮ್ಮಲ್ಲಿ ಇರುವುದರಿಂದಲೇ ಉಸಿರಾಡಬೇಕು. ನಮ್ಮಲ್ಲಿ ಏನೂ ಇಲ್ಲ. ಸಹಿ ಬೀಳುವ ಮೊದಲು ನಮ್ಮ ಹೆಸರನ್ನು ಆ ಪಟ್ಟಿಯಿಂದ ತೆಗೆದುಹಾಕಿ ಎಂದು ಕೇಳಲು ಈ ಪತ್ರ.

ಇದನ್ನು ಪತ್ರಿಕೆಗೆ ಕಳಿಸಬೇಕಾಗಿ ಬಂದದ್ದಕ್ಕೆ ನನಗೇ ಸಂಕೋಚವಿದೆ. ನಾಲ್ಕು ಜನರ ಮುಂದೆ ಬಾಯಿ ಬಿಡುವವಳಲ್ಲ ನಾನು. ಮೊದಲು ನಿಮ್ಮ ಕಚೇರಿಗೇ ಮೂರು ಪತ್ರ ಬರೆದೆ. ಎರಡಕ್ಕೆ ಉತ್ತರ ಬರಲಿಲ್ಲ. ಮೂರನೆಯದಕ್ಕೆ ‘ನಿಮ್ಮ ಅಮೂಲ್ಯ ಸಲಹೆಗೆ ಧನ್ಯವಾದಗಳು’ ಎಂದು ಅಚ್ಚಾದ ಚೀಟಿ ಬಂತು. ನಾನು ಸಲಹೆ ಕೊಟ್ಟಿರಲಿಲ್ಲ, ಮಾನ್ಯರೇ. ಒಬ್ಬ ಮನುಷ್ಯ ಸತ್ತದ್ದನ್ನು ತಿಳಿಸಿದ್ದೆ.

ಅಕ್ಟೋಬರಿನಲ್ಲಿ ನೀವು ಮಾಡಿದ ಭಾಷಣವನ್ನು ನಾವು ದೋಣಿಕಟ್ಟೆಯ ತುದಿಯಲ್ಲಿ ನಿಂತು ಫೋನಿನಲ್ಲಿ ನೋಡಿದೆವು. ಲಂತೋಬಾದಲ್ಲಿ ಸಿಗ್ನಲ್ ಸಿಗುವುದು ಕಟ್ಟೆಯ ಕೊನೆಯ ಮೂರು ಕಂಬಗಳ ನಡುವೆ ಮಾತ್ರ. ಮಹಾಮಾರಿ ಬಂದ ಮೇಲೆ ಜಿಲ್ಲೆ ಆರೋಗ್ಯಕ್ಕೆ ಹಿಂದೆಂದೂ ಇಲ್ಲದಷ್ಟು ಹಣ ಕೊಟ್ಟಿದೆ, ಕೊರತೆ ಎನ್ನುವವರು ಪರಿಶೀಲನಾ ವರದಿಗಳನ್ನು ಓದಲಿ ಎಂದಿರಿ. ಓದದವರ ಅನುಕೂಲಕ್ಕಾಗಿ ನೀವೇ ಒಂದು ವಾಕ್ಯ ಓದಿದಿರಿ: ‘ಲಂತೋಬಾದಲ್ಲಿ ಯಾವ ಕೊರತೆಯೂ ಹೆಚ್ಚು ಹೊತ್ತು ಒಂಟಿಯಾಗಿ ನಿಲ್ಲುವುದಿಲ್ಲ, ನೆರೆಮನೆಯಿಂದ ಏನಾದರೂ ಬಂದೇ ಬರುತ್ತದೆ.’ ಸಭೆ ಚಪ್ಪಾಳೆ ತಟ್ಟಿತು. ನಮ್ಮ ಗ್ರಾಮಮುಖ್ಯಸ್ಥರು ನನ್ನ ಕಡೆ ತಿರುಗಿ, “ಕೇಳಿದ್ಯೇನಮ್ಮಾ ಜುಮ್ರಿಯಾ? ನಿನ್ ವಾಕ್ಯಾನೇ ಓದಿದ್ರು” ಎಂದರು. ಅವರ ಮುಖದಲ್ಲಿ ಹೆಮ್ಮೆಯಿತ್ತು. ಪಕ್ಕದಲ್ಲಿ ನಿಂತಿದ್ದ ನರ್ಸ್ ಹಸ್ನಾವತಿ ಕಟ್ಟೆಯಿಂದ ಇಳಿದು ಹೋದರು.

ಹೌದು, ಆ ವಾಕ್ಯ ನನ್ನದು. ಪ್ರಾಂತದ ರಾಜಧಾನಿ ಮಕಾಸ್ಸರಿನಲ್ಲಿ ಐದು ವರ್ಷ ಸಾಹಿತ್ಯ ಓದಿ ಬಂದವಳ ಬರಹವನ್ನು ಒಂದು ಪತ್ರಿಕೆಯೂ ಇವತ್ತಿನವರೆಗೆ ಅಚ್ಚು ಹಾಕಿಲ್ಲ. ನನ್ನ ಮೊದಲ ಪ್ರಕಾಶಕರು ನೀವೇ.

ಮೊದಲು ನಿಮ್ಮ ‘ಹಿಂದೆಂದೂ ಇಲ್ಲದಷ್ಟು’ ಹಣದ ಮಾತು. ಅದು ಸುಳ್ಳೆಂದು ನಾನು ಹೇಳುವುದಿಲ್ಲ. ಗ್ರಾಮ ಕಚೇರಿಯ ಗೋಡೆಗೆ ನೀವು ಅಂಟಿಸಿದ ಪ್ರಕಟಣೆಯನ್ನು ಸಾಲುಸಾಲಾಗಿ ಓದಿದ್ದೇನೆ, ಓದುವುದಷ್ಟೇ ನನಗೆ ಬರುವ ಕೆಲಸ. ಮಹಾಮಾರಿಯ ಹೆಸರಿನ ಮುಂದೆ ದೊಡ್ಡ ಮೊತ್ತವಿದೆ. ಅದರ ಮೇಲಿನ ಸಾಲುಗಳಲ್ಲಿ ಮಲೇರಿಯಾ ಸೊಳ್ಳೆಪರದೆ, ಬಸುರಿಯರ ತಪಾಸಣೆ, ಮಕ್ಕಳ ತೂಕ ನೋಡುವ ದಿನ, ಎಲ್ಲದರ ಮುಂದೆಯೂ ಕಡಿತ. ಒಂದು ಜೇಬಿನಿಂದ ತೆಗೆದು ಇನ್ನೊಂದಕ್ಕೆ ಹಾಕಿಕೊಂಡವನು ಶ್ರೀಮಂತನಾಗುತ್ತಾನೆಯೇ? ಎಲ್ಲಕ್ಕಿಂತ ದೊಡ್ಡ ಕಡಿತ ‘ಪ್ರಯಾಣ’ ಎಂಬ ಸಾಲಿನಲ್ಲಿದೆ. ಸಾಂಕ್ರಾಮಿಕದ ಕಾಲದಲ್ಲಿ ಅಧಿಕಾರಿಗಳು ಹೋಟೆಲುಗಳಲ್ಲಿ ಸಭೆ ಸೇರುವುದು ಬೇಡವೆಂದು ಅರ್ಧಕ್ಕರ್ಧ ಇಳಿಸಿದಿರಿ. ಒಳ್ಳೆಯ ತೀರ್ಮಾನವೇ. ಆದರೆ ರೋಗಿಯನ್ನು ದ್ವೀಪದಿಂದ ಆಸ್ಪತ್ರೆಗೆ ಸಾಗಿಸುವ ದೋಣಿಯ ಡೀಸೆಲ್ ಕೂಡ ಅದೇ ಸಾಲಿನಲ್ಲಿತ್ತು. ನಿಮ್ಮ ಗುಮಾಸ್ತರಿಗೆ ಅದು ಪ್ರಯಾಣ, ನಮಗೆ ಅದು ಆಂಬುಲೆನ್ಸ್. ಒಂದೇ ಗೀಟಿನಲ್ಲಿ ಎರಡೂ ಹೋದವು.

ತಲಾವಾರು ಲೆಕ್ಕದಲ್ಲಿ ದ್ವೀಪದವರಿಗೇ ಹೆಚ್ಚು ಸಿಗುತ್ತಿದೆ ಎಂದೂ ಹೇಳಿದಿರಿ. ನಾವು ಆರುನೂರ ನಲವತ್ತು ಜನ, ಸರಿ. ನಮ್ಮ ಮತ್ತು ನಿಮ್ಮ ನಡುವೆ ಐದು ಗಂಟೆಯ ಸಮುದ್ರವಿದೆ, ಅದಕ್ಕೆ ತಲೆಗಳಿಲ್ಲ, ಆದ್ದರಿಂದ ಅದು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ನೀವು ಕಳಿಸಿದ ಹನ್ನೆರಡು ಕೈತೊಳೆಯುವ ತೊಟ್ಟಿಗಳು ಬಂದಿವೆ. ಪ್ರತಿಯೊಂದರ ಮೇಲೂ ನಿಮ್ಮ ನಗುಮುಖದ ಚಿತ್ರವಿದೆ. ನಮ್ಮ ಬಾವಿಗಳು ಆಗಸ್ಟಿನಿಂದ ಉಪ್ಪಾಗುತ್ತವೆ ಎಂದು ಯಾರೂ ಯೋಚಿಸಿರಲಿಲ್ಲ. ಈಗ ಆ ತೊಟ್ಟಿಗಳಲ್ಲಿ ಹೆಂಗಸರು ಕಡಲಪಾಚಿ ನೆನೆಹಾಕುತ್ತಾರೆ. ಹಾಗಾಗಿ ಪೂರ್ತಿ ವ್ಯರ್ಥವಾಯಿತು ಎನ್ನಲಾರೆ.

ಈಗ ವರದಿಯ ಮಾತಿಗೆ ಬರುತ್ತೇನೆ. ನಿಮ್ಮ ವಾದವೆಲ್ಲ ನಿಂತಿರುವುದು ಅದರ ಮೇಲೆ.

ಕಳೆದ ಮಾರ್ಚಿನಲ್ಲಿ ನಿಮ್ಮ ಪರಿಶೀಲಕರು ಬರುತ್ತಾರೆಂದು ನಾಲ್ಕು ದಿನ ಮೊದಲೇ ಸುದ್ದಿ ಬಂತು. ಅವತ್ತೇ ಗ್ರಾಮಮುಖ್ಯಸ್ಥರ ಮನೆಯಲ್ಲಿ ಎಲ್ಲರೂ ಸೇರಿದರು. ನಮ್ಮಲ್ಲಿ ಮದುವೆಯಾದರೆ ಹೀಗೇ ಸೇರುತ್ತಾರೆ. ಇನ್ನೂರು ತಟ್ಟೆ ಯಾರ ಮನೆಯಲ್ಲೂ ಇರುವುದಿಲ್ಲ, ಹತ್ತು ಮನೆಯ ತಟ್ಟೆ ಸೇರಿ ಇನ್ನೂರಾಗುತ್ತದೆ. ಯಾರದು ಯಾವುದೆಂದು ಗುರುತಿಗೆ ತಟ್ಟೆಯ ತಳಕ್ಕೆ ಬಣ್ಣದ ಚುಕ್ಕೆ ಇಟ್ಟಿರುತ್ತಾರೆ. ಮದುವೆಗೆ ಬಂದವರು ತಟ್ಟೆ ತಿರುಗಿಸಿ ನೋಡುವುದಿಲ್ಲ.

ಹಸ್ನಾವತಿ ಹನ್ನೊಂದು ವರ್ಷದ ಹಿಂದೆ ನಮ್ಮ ದ್ವೀಪಕ್ಕೆ ಹೆರಿಗೆ ನರ್ಸಾಗಿ ಬಂದವರು. ನಮ್ಮ ಕೇಂದ್ರದ ಡಾಕ್ಟರು, ಔಷಧ ಕೊಡುವವರು, ಕಸ ಗುಡಿಸುವವರು ಎಲ್ಲಾ ಅವರೇ. ಊರಿಗೆಲ್ಲ ಅವರು ಬು ಹಸ್ನಾ, ಹಸ್ನಾ ಅಮ್ಮ. ಆ ದಿನ ಅವರೊಬ್ಬರೇ ಬೇಡವೆಂದರು. ಇರುವುದನ್ನು ಇದ್ದ ಹಾಗೇ ತೋರಿಸೋಣ, ಆಗಲಾದರೂ ಏನಾದರೂ ಕೊಟ್ಟಾರು ಎಂಬುದು ಅವರ ವಾದ. ಗ್ರಾಮಮುಖ್ಯಸ್ಥರಿಗೆ ನಿಜವಾಗಿಯೂ ನೋವಾಯಿತು.

“ಬು ಹಸ್ನಾ, ಅಷ್ಟು ದೂರದಿಂದ ಸಮುದ್ರ ದಾಟಿ ಬರೋರನ್ನ ಹರಿದ ಚಾಪೆ ಮೇಲೆ ಕೂರಿಸ್ತೀರಾ? ನಾಳೆ ಹೋಗಿ ಲಂತೋಬಾದವ್ರು ಗತಿಗೆಟ್ಟೋರು ಅಂತ ಆಡ್ಕೊಂಡ್ರೆ ನಮ್ ಹೆಣ್ ಮಕ್ಕಳನ್ನ ಯಾರು ಕೇಳ್ಕೊಂಡ್ ಬರ್ತಾರೆ?”

ಎಲ್ಲರೂ ನಕ್ಕರು. ಬು ಹಸ್ನಾ ಕೂಡ ನಕ್ಕರು. ಅಲ್ಲಿಗೆ ಅವರು ಸೋತರು.

ಕೇಂದ್ರದಲ್ಲಿದ್ದದ್ದು ಒಂದು ಮಂಚ, ಅದರ ಒಂದು ಕಾಲಿಗೆ ಇಟ್ಟಿಗೆ. ಹಜ್ಜಿಗೆ ಹೋಗಿ ಬಂದವರ ಮನೆಯಿಂದ ಎರಡು ಸ್ಪ್ರಿಂಗ್ ಮಂಚ ಬಂದವು. ರಂಜಾನ್ ಕಳೆದ ಮೇಲೆ ಮದುವೆಯಾಗಬೇಕಿದ್ದ ಹುಡುಗಿಯೊಬ್ಬಳು ತನ್ನ ಹೊಸ ಬಿಳಿ ಹಾಸುಗಳನ್ನು ಕೊಟ್ಟಳು. ಐಸ್ ಕಡ್ಡಿ ಮಾರುವವರ ಫ್ರಿಜ್ ಲಸಿಕೆಯ ಫ್ರಿಜ್ ಆಯಿತು. ನಿಮ್ಮ ನಮೂನೆಯಲ್ಲಿ ‘ಆಮ್ಲಜನಕ ಸಿಲಿಂಡರ್’ ಎಂಬ ಸಾಲಿತ್ತು. ದ್ವೀಪದಲ್ಲಿ ಸಿಲಿಂಡರ್ ಇದ್ದದ್ದು ಒಬ್ಬರ ಹತ್ತಿರ, ದೋಣಿಯ ಎಂಜಿನ್ ರಿಪೇರಿ ಮಾಡುವ, ಕಬ್ಬಿಣ ಬೆಸೆಯುವ ದಾಯೆಂಗ್ ನಾಬಾ. ಇಲ್ಲಿ ಗಂಡಸಿರಲಿ ಹೆಂಗಸಿರಲಿ, ಗೌರವದಿಂದ ದಾಯೆಂಗ್ ಎನ್ನುತ್ತೇವೆ. ಬೆಸುಗೆಗೂ ಆಮ್ಲಜನಕವೇ ಬೇಕು, ಆದರೆ ಅದರ ಸಿಲಿಂಡರ್ ನೀಲಿ ಬಣ್ಣದ್ದು, ಆಸ್ಪತ್ರೆಯದು ಬಿಳಿ. ಒಂದು ದೋಣಿಗೆ ಬಳಿದು ಉಳಿದ ಬಿಳಿ ಬಣ್ಣವಿತ್ತು.

ಅವರು ತಮ್ಮ ಷೆಡ್ಡಿನ ಮುಂದೆ ಕೂತು ಅದಕ್ಕೆ ಬಣ್ಣ ಬಳಿಯುವಾಗ ನಾನು ಅಲ್ಲಿದ್ದೆ. ತಮ್ಮ ಮದುವೆಗೂ ತಮಗೆ ಯಾರೂ ಇಷ್ಟು ಚೆನ್ನಾಗಿ ಬಣ್ಣ ಹಚ್ಚಿರಲಿಲ್ಲ ಎನ್ನುತ್ತ ಕುಂಚ ಆಡಿಸುತ್ತಿದ್ದರು. ಬು ಹಸ್ನಾ ಬಂದು ಮುಖ ಚಿಕ್ಕದು ಮಾಡಿಕೊಂಡು ನಿಂತಾಗ, “ಒಂದೆರಡು ದಿನ ಇದೂ ಡಾಕ್ಟ್ರಾಗಿರ್ಲಿ ಬಿಡಮ್ಮಾ, ಆಮೇಲೆ ಮತ್ತೆ ಕಬ್ಬಿಣ ಕಡಿಯೋದು ಇದ್ದೇ ಇದೆ” ಎಂದರು. ಬಣ್ಣ ಪೂರ್ತಿ ಒಣಗಿರಲಿಲ್ಲ. ಅದು ಕಾಣದಿರಲೆಂದು ಅವರ ಹೆಂಡತಿ ದಾಯೆಂಗ್ ಕನಂಗ್ ತಮ್ಮ ಮನೆಯ ಕುಡಿಯುವ ನೀರಿನ ಕ್ಯಾನಿಗೆ ತೊಡಿಸಿದ್ದ ಜಾಲರಿ ಅಂಚಿನ ಬಟ್ಟೆಯನ್ನು ತಂದು ಸಿಲಿಂಡರಿಗೆ ತೊಡಿಸಿದರು. ಗುಲಾಬಿ ಬಣ್ಣದ್ದು.

ನನಗೆ ವಹಿಸಿದ ಕೆಲಸ ವರದಿಯ ಜೊತೆ ಹೋಗಬೇಕಾದ ಕೇಂದ್ರದ ಪರಿಚಯ ಬರೆಯುವುದು, ಎರಡು ಪುಟ, ಒಳ್ಳೆಯ ಭಾಷೆಯಲ್ಲಿ. ಬರೆದೆ. ‘ನೆರೆಮನೆಯಿಂದ ಏನಾದರೂ ಬಂದೇ ಬರುತ್ತದೆ’ ಎಂದು ಬರೆಯುವಾಗ ನನಗೊಂದು ಗುಟ್ಟಿನ ಆಸೆಯಿತ್ತು. ಯಾರಾದರೂ ನಿಧಾನವಾಗಿ ಓದಿದರೆ, ಓಹೋ, ಇಲ್ಲಿರುವುದೆಲ್ಲ ನೆರೆಮನೆಯದೇ ಎಂದು ಅರ್ಥಮಾಡಿಕೊಂಡಾರು ಎಂಬ ಆಸೆ. ನೇರವಾಗಿ ಹೇಳಲು ಧೈರ್ಯವಿಲ್ಲದವರು ಹೀಗೆ ಬರೆಯುತ್ತಾರೆ, ಆಮೇಲೆ ಅದನ್ನು ಶೈಲಿ ಎಂದು ಕರೆದುಕೊಳ್ಳುತ್ತಾರೆ.

ನಿಮ್ಮ ಪರಿಶೀಲಕರು ವಯಸ್ಸಿನಲ್ಲಿ ಚಿಕ್ಕವರು. ಸಮುದ್ರದ ಓಲಾಟಕ್ಕೆ ವಾಂತಿ ಮಾಡಿಕೊಂಡು ಸುಸ್ತಾಗಿ ಬಂದಿದ್ದರು. ಮೊದಲು ಎಳನೀರು ಕೊಟ್ಟೆವು. ಆಮೇಲೆ ಅವರು ಫ್ರಿಜ್ಜಿನ ಬಾಗಿಲು ತೆರೆದರು. ನಾನು ಸ್ವಲ್ಪ ದೂರದಲ್ಲಿ ಗೋಡೆಗೆ ಒರಗಿ ನಿಂತಿದ್ದೆ. ಮೇಲಿನ ಅರೆಯಲ್ಲಿ ಏಳೆಂಟು ಕೆಂಪು ಐಸ್ ಕಡ್ಡಿಗಳು ಉಳಿದುಬಿಟ್ಟಿದ್ದವು. ಯಾರಿಗೂ ತೆಗೆಯಲು ನೆನಪಾಗಿರಲಿಲ್ಲ. ಅವರು ಅವನ್ನು ನೋಡಿದರು. ನಾನು ನೋಡುತ್ತಿರುವುದನ್ನೂ ನೋಡಿದರು. ಬಾಗಿಲನ್ನು ಮೆಲ್ಲಗೆ ಮುಚ್ಚಿ ನಮೂನೆಯಲ್ಲಿ ಗುರುತು ಹಾಕಿಕೊಂಡರು. ಸಿಲಿಂಡರಿನ ಬಟ್ಟೆ ಸರಿಸಿ ಮುಟ್ಟಿದಾಗ ಬೆರಳಿಗೆ ಬಿಳಿ ಬಣ್ಣ ಅಂಟಿತು. ಕಾಗದದ ಕರವಸ್ತ್ರದಿಂದ ಒರೆಸಿಕೊಂಡು, “ಚೆನ್ನಾಗಿ ಇಟ್ಕೊಂಡಿದೀರಿ” ಎಂದರು. ಬು ಹಸ್ನಾ ಸಹಿ ಹಾಕಿದರು. ಊಟಕ್ಕೆ ಸುಟ್ಟ ಮೀನು, ಬಾಳೆ ಎಲೆಯಲ್ಲಿ ಸುತ್ತಿ ಬೇಯಿಸಿದ ತೆಂಗಿನಹಾಲಿನ ಅನ್ನ. ಹೊರಡುವಾಗ ಒಣಮೀನಿನ ಗಂಟು. ಒಟ್ಟು ಎರಡು ಗಂಟೆ. ಮಾರನೆಯ ದಿನ ಮಂಚ, ಹಾಸು, ಫ್ರಿಜ್ ತಮ್ಮ ತಮ್ಮ ಮನೆಗೆ ಹೋದವು. ದಾಯೆಂಗ್ ನಾಬಾ ಸಿಲಿಂಡರನ್ನು ಉರುಳಿಸಿಕೊಂಡು ಹೋದರು. ಬಣ್ಣ ಕೆರೆಯಲು ಮನಸ್ಸಾಗದೆ ಬಿಳಿಯಾಗೇ ಬಿಟ್ಟರು.

ಜುಲೈ ಹೇಗಿತ್ತೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಮಕಾಸ್ಸರಿನ ಆಸ್ಪತ್ರೆಗಳಿಗೇ ಆಮ್ಲಜನಕ ಸಾಲದೆ, ಬೆಸುಗೆಯವರ ಸಿಲಿಂಡರುಗಳಿಗೆ ತುಂಬಿಸುವುದನ್ನು ನಿಲ್ಲಿಸಿದ್ದರು. ನ್ಯಾಯವೇ, ಜೀವ ಮೊದಲು, ಕಬ್ಬಿಣ ಆಮೇಲೆ. ಹಾಗಾಗಿ ದಾಯೆಂಗ್ ನಾಬಾರ ಸಿಲಿಂಡರ್ ಜೂನಿನಿಂದಲೇ ಖಾಲಿಯಿತ್ತು. ಜುಲೈ ಮಧ್ಯದಲ್ಲಿ ಅವರಿಗೆ ಜ್ವರ ಬಂತು. ಆರನೆಯ ದಿನ ಬೆರಳಿಗೆ ಸಿಕ್ಕಿಸಿ ಆಮ್ಲಜನಕ ಅಳೆಯುವ ಯಂತ್ರ ಎಂಬತ್ತೆಂಟು ತೋರಿಸಿತು, ಏಳನೆಯ ದಿನ ಎಂಬತ್ತೊಂದು. ಬು ಹಸ್ನಾ ಕಟ್ಟೆಯ ತುದಿಗೆ ಓಡಿ ನಿಮ್ಮ ಕಚೇರಿಗೆ ಫೋನ್ ಮಾಡಿದರು. ದಿನವೂ ಒಂದು ಗಸ್ತು ದೋಣಿ ದ್ವೀಪಗಳಿಗೆ ಸಿಲಿಂಡರ್ ಒಯ್ಯುತ್ತಿತ್ತಲ್ಲ, ಅದರಲ್ಲಿ ನಮಗೂ ಒಂದು ಕಳಿಸಿ ಎಂದು. ಆ ಕಡೆಯಿಂದ ಮಾತಾಡಿದವರು ಸಭ್ಯರೇ. ಪುಟ ತಿರುಗಿಸುವ ಸದ್ದು ನನಗೂ ಕೇಳಿಸಿತು.

“ಲಂತೋಬಾದಲ್ಲಿ ಒಂದು ಸಿಲಿಂಡರ್ ಇದೆಯಲ್ಲಮ್ಮಾ, ವರದೀಲಿದೆ. ಒಂದೂ ಇಲ್ದಿರೋ ದ್ವೀಪ ನಾಲ್ಕಿವೆ. ಮೊದಲು ಅವ್ರಿಗೆ ಕೊಡ್ಬೇಕು ತಾನೇ?”

ಬು ಹಸ್ನಾ, “ಅದು ನಮ್ಮದಲ್ಲ ಸಾರ್. ಎರವಲು ತಂದಿದ್ವಿ” ಎಂದರು.

“ಹಾಗಾದ್ರೆ ಸಹಿ ಯಾಕೆ ಹಾಕಿದ್ರಿ?”

ಕೊನೆಗೆ ಫೋನಿನವರು ಮೇಲಿನವರನ್ನು ಕೇಳಿ ಹೇಳುತ್ತೇನೆ ಎಂದರು. ನಾವು ಮೂರು ಕಂಬಗಳ ನಡುವೆ ಸಂಜೆಯವರೆಗೆ ಕಾದೆವು.

ಮಾರನೆಯ ಬೆಳಿಗ್ಗೆ ಊರಿನವರೇ ತಮ್ಮ ತಮ್ಮ ಎಂಜಿನ್ನುಗಳಿಂದ ಒಂದೊಂದು ಬಾಟಲಿ ಡೀಸೆಲ್ ತೆಗೆದು ಕೊಟ್ಟರು. ದಾಯೆಂಗ್ ನಾಬಾರನ್ನು ಚಾಪೆಯ ಮೇಲೆ ಮಲಗಿಸಿ, ಮೇಲೆ ಟಾರ್ಪಾಲಿನ್ ಕಟ್ಟಿ ದೋಣಿ ಹೊರಟಿತು. ದೋಣಿಯಲ್ಲಿ ಬು ಹಸ್ನಾ ಇದ್ದರು, ಅವರ ಬ್ಯಾಗಿನಲ್ಲಿ ಪ್ಯಾರಸಿಟಮಾಲ್ ಇತ್ತು. ಐದು ಗಂಟೆ ಹೋಗಿ, ರೋಗಿಯನ್ನು ಸೇರಿಸಿ, ರಾತ್ರಿ ತಂಗಿ ಮರುದಿನ ಬರಬೇಕಾಗಿದ್ದ ದೋಣಿ ಅದು. ಅವತ್ತೇ ಮಧ್ಯಾಹ್ನ ನಮಾಜು ಮುಗಿಸಿ ಹೊರಗೆ ಬಂದವರು ಅದನ್ನು ದೂರದಲ್ಲಿ ಕಂಡರು. ಅಷ್ಟು ಬೇಗ ಮರಳಿ ಬರುತ್ತಿರುವ ದೋಣಿಯನ್ನು ನೋಡಿ ಒಬ್ಬರು ಹೋಗಿ ಗುದ್ದಲಿ ತಂದರು.

ಮಾನ್ಯರೇ, ನಿಮ್ಮ ಪ್ರಶ್ನೆ ನನಗೆ ಕೇಳಿಸುತ್ತಿದೆ: ಸುಳ್ಳು ಹೇಳಿದವರು ನೀವೇ ಅಲ್ಲವೇ? ಹೌದು, ನಾವೇ. ಆ ಪಾಲನ್ನು ನಾನು ಯಾರ ತಲೆಗೂ ಕಟ್ಟುತ್ತಿಲ್ಲ. ಆದರೆ ಒಂದು ಮಾತು. ಐಸ್ ಕಡ್ಡಿಗಳನ್ನು ನಿಮ್ಮವರು ನೋಡಿದ್ದರು. ನೋಡಿ ಬಾಗಿಲು ಮುಚ್ಚಿದರು. ಅವರು ಕೆಟ್ಟವರಾಗಿ ಹಾಗೆ ಮಾಡಲಿಲ್ಲ. ಅವರೂ ಈ ನಾಡಿನವರೇ, ಉಂಡ ಮನೆಯವರ ಮಾನ ತೆಗೆಯುವುದು ಹೇಗೆಂದು ಯೋಚಿಸಿರಬೇಕು. ಅಥವಾ ‘ಇಲ್ಲ’ ಎಂದು ಬರೆದರೆ ಅದನ್ನು ಒದಗಿಸಲು ಹಣ ಎಲ್ಲಿದೆ ಎಂದು ನೀವು ಅವರನ್ನೇ ಗದರಿಸುತ್ತಿದ್ದಿರೇನೋ. ಪ್ರಾಂತದ ದೊಡ್ಡವರು ನಿಮ್ಮ ಕಚೇರಿಗೆ ಬರುವ ದಿನ ನೀವು ಏನೇನನ್ನು ಎಲ್ಲೆಲ್ಲಿಂದ ತರಿಸಿ ಇಡುತ್ತೀರಿ? ಪ್ರಾಂತದವರು ಜಕಾರ್ತಾದವರಿಗೆ ಏನನ್ನು ತೋರಿಸುತ್ತಾರೆ? ಒಬ್ಬರ ಮೇಲೊಬ್ಬರು ಹೀಗೆ ಬಟ್ಟೆ ಹೊದಿಸುತ್ತ ಹೋದರೆ, ಕೊನೆಗೆ ಮೇಲೆ ಕೂತವರು ಹಣ ಸಾಕು ಎನ್ನುವುದರಲ್ಲಿ ಆಶ್ಚರ್ಯವೇನಿದೆ? ಅವರ ಕಣ್ಣಿಗೆ ಖಾಲಿಯಾದದ್ದೇನೂ ಬೀಳುವುದೇ ಇಲ್ಲ.

ಇಡೀ ಲೋಕದಲ್ಲೇ ಆಮ್ಲಜನಕದ ಕೊರತೆಯಿತ್ತು, ಲಂತೋಬಾ ಒಂದರದೇ ಅಲ್ಲ ಎಂದೂ ನೀವು ಹೇಳಬಹುದು. ನಾಲ್ಕು ದ್ವೀಪಗಳಿಗೆ ನಮಗಿಂತ ಮೊದಲು ಸಿಗಬೇಕಾಗಿತ್ತು ಎಂಬುದೂ ಸರಿಯಿರಬಹುದು. ನಮಗೆ ಸಿಕ್ಕಿದ್ದರೂ ದಾಯೆಂಗ್ ನಾಬಾ ಉಳಿಯುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಬು ಹಸ್ನಾ ಕೂಡ ಗೊತ್ತಿಲ್ಲ ಎನ್ನುತ್ತಾರೆ. ಆದರೆ ಎಲ್ಲಿಯೂ ಸಾಲದೆ ಹೋದ ವಸ್ತು ನಿಮ್ಮ ಕಾಗದದ ಪ್ರಕಾರ ನಮ್ಮ ಪುಟ್ಟ ದ್ವೀಪದಲ್ಲಿ ಸಾಕಷ್ಟಿತ್ತು ಎನ್ನುವಾಗ ನಿಮಗೆ ಒಂದಿಷ್ಟಾದರೂ ಅನುಮಾನ ಬರಬೇಕಾಗಿತ್ತು. ಲಂತೋಬಾದಲ್ಲಿ ಒಬ್ಬ ಮನುಷ್ಯ ತನ್ನ ಸ್ವಂತ ಸಿಲಿಂಡರಿನ ಕಾರಣದಿಂದ ಸಿಲಿಂಡರ್ ಸಿಗದೆ ಸತ್ತ. ಇದನ್ನು ಕಥೆಯಾಗಿ ಬರೆದಿದ್ದರೆ ನಮ್ಮ ಮೇಷ್ಟರು ಅತಿಯಾಯಿತು ಎಂದು ಕೆಂಪು ಗೆರೆ ಎಳೆಯುತ್ತಿದ್ದರು.

ಈ ಪತ್ರ ಕಳಿಸುವ ಮೊದಲು ಇಬ್ಬರ ಅನುಮತಿ ಕೇಳಿದೆ. ಬು ಹಸ್ನಾರ ಕೆಲಸ ಗುತ್ತಿಗೆಯದು, ವರ್ಷಕ್ಕೊಮ್ಮೆ ನಿಮ್ಮ ಸಹಿಯಿಂದ ಮುಂದುವರಿಯುತ್ತದೆ. ಸುಳ್ಳು ನಮೂನೆಗೆ ಸಹಿ ಹಾಕಿದ್ದು ಹೊರಬಂದರೆ ಅದು ನಿಲ್ಲಬಹುದು. ಅವರ ಹೆಸರು ಬಿಡುತ್ತೇನೆ ಎಂದೆ. ಅವರು ಬಟ್ಟೆ ಒಗೆಯುತ್ತಿದ್ದರು, ತಲೆ ಎತ್ತಲಿಲ್ಲ. “ಹೆಸರಿಲ್ದೆ ಬರೆದ್ರೆ ಯಾವ ನರ್ಸು ಅಂತ ಹುಡುಕ್ತಾ ಕೂರ್ತಾರೆ. ಇರೋಳು ನಾನೊಬ್ಳೇ ಅಲ್ವಾ? ಸುಮ್ನೆ ಅವ್ರಿಗ್ಯಾಕೆ ತೊಂದ್ರೆ” ಎಂದರು.

ದಾಯೆಂಗ್ ಕನಂಗರ ಮನೆಗೆ ಹೋದಾಗ ಅವರು ಅಂಗಳದಲ್ಲಿ ಕಡಲಪಾಚಿ ಬೆಳೆಸುವ ಹಗ್ಗ ಬಿಡಿಸುತ್ತ ಕೂತಿದ್ದರು. ನಾನು ಬರೆದದ್ದನ್ನು ಓದಿ ಹೇಳಿದೆ. ಕೊನೆಯವರೆಗೂ ಕೇಳಿದರು. ಗಂಡನ ಸಾವಿನ ಭಾಗಕ್ಕೆ ಏನೂ ಅನ್ನಲಿಲ್ಲ. ಅವರಿಗೆ ಹಿಡಿಸದಿದ್ದದ್ದು ಬೇರೆ.

“ಸುಳ್ಳು ಹೇಳಿದ್ವಿ ಅಂತ ಯಾಕ್ ಬರ್ದಿದೀಯ? ಸುಳ್ಳಲ್ಲ ಅದು. ಮನೆಗೆ ನೆಂಟರು ಬಂದಿದ್ರು ಅಂತ ಬರಿ.”

ಅದು ಸರ್ಕಾರದ ತಪಾಸಣೆ, ನೆಂಟರು ಬಂದದ್ದಲ್ಲ ಎಂದು ವಿವರಿಸಲು ನೋಡಿದೆ. ಅವರು ಹಗ್ಗದ ಗಂಟು ಬಿಡಿಸುತ್ತಲೇ, ನಮ್ಮನೇಲಿ ಉಂಡಿದ್ದಾರಲ್ಲ ಎಂದರು. ‘ಸುಳ್ಳು’ ಎಂಬ ಪದವನ್ನು ಹೊಡೆದುಹಾಕೋಣವೆಂದು ಎರಡು ಸಲ ಲೇಖನಿ ಎತ್ತಿದೆ. ಹೊಡೆದುಹಾಕಿದರೆ ನೀವು ಪಟ್ಟಿಯನ್ನು ಬದಲಿಸುವುದಿಲ್ಲ. ಉಳಿಸಿಕೊಂಡರೆ ಅವರ ಮುಖ ನೋಡಲಾರೆ. ಉಳಿಸಿಕೊಂಡಿದ್ದೇನೆ.

ನಾನು ಕೇಳುವುದು ಹೆಚ್ಚಿನದೇನಲ್ಲ. ಲಂತೋಬಾದ ಹೆಸರನ್ನು ‘ಸಾಕಷ್ಟಿದೆ’ ಪಟ್ಟಿಯಿಂದ ತೆಗೆಯಿರಿ. ಗಾಳಿ ಏಳುವ ಮೊದಲು, ಅಂದರೆ ನವೆಂಬರ್ ಕೊನೆಯೊಳಗೆ, ನಾಲ್ಕು ತುಂಬಿದ ಸಿಲಿಂಡರುಗಳನ್ನು ಕಳಿಸಿ. ದೋಣಿಯ ಡೀಸೆಲನ್ನು ‘ಪ್ರಯಾಣ’ದ ಸಾಲಿನಿಂದ ತೆಗೆದು ‘ಚಿಕಿತ್ಸೆ’ಯ ಸಾಲಿಗೆ ಹಾಕಿ, ಅದಕ್ಕೆ ಒಂದು ಪೆನ್ನು ಸಾಕು. ಬು ಹಸ್ನಾರಿಗೆ ಶಿಕ್ಷೆ ಕೊಡಲೇಬೇಕೆಂದಿದ್ದರೆ ಅವರ ಜೊತೆಗೆ ಇನ್ನೊಬ್ಬ ನರ್ಸನ್ನು ಕಳಿಸಿದ ಮೇಲೆ ಕೊಡಿ. ನನಗೆ ಕೊಡುವುದನ್ನು ಈಗಲೇ ಕೊಡಬಹುದು.

ನಾನು ಬರೆದದ್ದನ್ನು ನಂಬಲಾಗದಿದ್ದರೆ ಮತ್ತೊಮ್ಮೆ ಯಾರನ್ನಾದರೂ ಕಳಿಸಿ, ಅಥವಾ ನೀವೇ ಬನ್ನಿ. ಆದರೆ ದಯವಿಟ್ಟು ಬರುವ ದಿನವನ್ನು ಮೊದಲೇ ತಿಳಿಸಬೇಡಿ. ತಿಳಿಸಿದರೆ ನಾವು ಮತ್ತೆ ಅದನ್ನೇ ಮಾಡುತ್ತೇವೆ. ಬೇರೆ ರೀತಿ ನಮಗೆ ಬರುವುದಿಲ್ಲ.

ಇಂತಿ,
ನಿಮ್ಮ ವರದಿಗೆ ಒಳ್ಳೆಯ ಭಾಷೆ ಒದಗಿಸಿ, ಈಗ ಅದನ್ನು ಹಿಂದಕ್ಕೆ ಕೇಳುತ್ತಿರುವ
ಜುಮ್ರಿಯಾ
ಲಂತೋಬಾ ದ್ವೀಪ